ನೆಲಕ್ಕೆ ಕಾಲು ಊರದ ಸೈಕಲ್ ಮಾಸ್ತರ

ಸೈಕಲ್ಲಿಗೆ ಕೊಟ್ಟದ್ದು ಹದಿನೆಂಟು ಸಾವಿರ. ಅಂಗಡಿಯವ ಹೇಳಿದ್ದು ಇಪ್ಪತ್ತಮೂರು. ಬೋಣಿಯ ಹೊತ್ತಿಗೆ ಹೋಗಿ, ಎರಡು ಸಲ ಮೆಟ್ಟಿಲಿಳಿದು, ಅವನೇ ಕೂಗಿ ಕರೆಯುವ ಹಾಗೆ ಮಾಡಿ ಹದಿನೆಂಟಕ್ಕೆ ತಂದೆ. ಆದರೆ ಅದರ ಸೀಟನ್ನು ಬಿಚ್ಚಿಸಿ ಬೇರೆ ಚರ್ಮದ ಸೀಟು ಹಾಕಿಸಿದ್ದಕ್ಕೆ ನಾಲ್ಕೂವರೆ ಸಾವಿರ ಆಯಿತು. ಅದರಲ್ಲಿ ಒಂದು ರೂಪಾಯಿಯನ್ನೂ ಬಿಡಿಸಲಿಲ್ಲ. ಮಗಳಿಗೆ ಆಶ್ಚರ್ಯ. "ಅಪ್ಪಾ, ನಿಂಗೆ ಆರಾಮ ಅದೆ ಅಲ್ದಾ?" ಎಂದು ಹಣೆ ಮುಟ್ಟಿ ನೋಡಿದಳು.

ಕಾರಣ ಹೇಳುತ್ತೇನೆ. ಬೆಳಿಗ್ಗೆ ಹೊರಟು ಸಂಜೆಯವರೆಗೆ ತುಳಿಯುವವನಿಗೆ ಸೈಕಲ್ಲಿನ ಬಣ್ಣ, ಗೇರಿನ ಲೆಕ್ಕ ಎಲ್ಲ ಆಮೇಲಿನ ಮಾತು. ಮೈಯ ಭಾರ ಬೀಳುವುದು ಸೀಟಿನ ಮೇಲೆ. ಅಲ್ಲಿ ಉಳಿಸಿದ ದುಡ್ಡನ್ನು ತೊಡೆಸಂದಿಯ ಹುಣ್ಣಿಗೆ ಮುಲಾಮು ತರಲು ಖರ್ಚು ಮಾಡಬೇಕಾಗುತ್ತದೆ. ಹೊಸ ಚರ್ಮಕ್ಕೆ ಎಣ್ಣೆ ಕುಡಿಸಬೇಕು, ಇಲ್ಲವಾದರೆ ಅದು ನಮ್ಮ ಮೈಗೆ ಹೊಂದಿಕೊಳ್ಳುವುದಿಲ್ಲ. ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಒಂದು ಚೂರು ಕರ್ಪೂರ ಹಾಕಿ, ಬಟ್ಟೆಯಲ್ಲಿ ಅದ್ದಿ ಸೀಟಿಗೆ ತಿಕ್ಕಿದೆ. ಬಿಸಿ ಎಣ್ಣೆ, ಕರ್ಪೂರ, ಚರ್ಮ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು… ಕೈ ಅಲ್ಲಿಯೇ ನಿಂತಿತು. ಇಪ್ಪತ್ತು ವರ್ಷದ ಹಿಂದೆ ಒಬ್ಬ ಮನುಷ್ಯನ ಮೈಯಿಂದ ಇದೇ ವಾಸನೆ ಬರುತ್ತಿತ್ತು.

ಆಗ ಕಾರವಾರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದು ತಗಡಿನ ಮಾಡಿನ ಅಂಗಡಿ. ಹಳೆ ಸೈಕಲ್ ಕೊಂಡು ಮಾರುವ ವ್ಯಾಪಾರ. ಅಪ್ಪ ಬಿಟ್ಟು ಹೋದದ್ದು ಒಂದು ಪಾನಾ, ಒಂದು ಸುತ್ತಿಗೆ. ಉಳಿದದ್ದೆಲ್ಲ ನನ್ನ ಬಾಯಿಯ ಗಳಿಕೆ. ನಮ್ಮದು ಕಚೇರಿಗಳ ಊರು. ಮಳೆಗಾಲ ಶುರುವಾಗುವ ಮೊದಲು ವರ್ಗಾವಣೆ. ಸಾಹೇಬರ ಸಾಮಾನೆಲ್ಲ ಲಾರಿಗೆ ಹೇರಿ ಆದ ಮೇಲೆ ಸೈಕಲ್ಲಿಗೆ ಜಾಗ ಉಳಿಯುವುದಿಲ್ಲ. ಸರಿಯಾಗಿ ಆ ಹೊತ್ತಿಗೆ ಕ್ವಾರ್ಟರ್ಸಿನ ಗೇಟಿನ ಎದುರು ನಾನು ನಿಂತಿರುತ್ತಿದ್ದೆ. ಹೇಳಿದ ದರಕ್ಕೆ ಕೊಡದೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಒಂದು ಮಧ್ಯಾಹ್ನ ಕಾಳಿ ಸೇತುವೆಯ ಕಡೆಯಿಂದ ಒಬ್ಬ ಗಂಡಸು ಮುರಿದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದು ಬಂದ. ಹಿಂದೆ ಹೆಂಡತಿ, ಅವಳ ತಲೆಯ ಮೇಲೆ ಬಣ್ಣ ಹೋದ ಟ್ರಂಕು, ಬಗಲಲ್ಲಿ ಮೈಕಿನ ಡಬ್ಬಿ. ಅವನ ಒಂದು ಕಿವಿಯ ಹಾಲೆ ಹರಿದು, ರಕ್ತ ಕುತ್ತಿಗೆಯ ಮೇಲೆ ಒಣಗಿತ್ತು. ಸದಾಶಿವಗಡದಲ್ಲಿ ಆಟ ಹಾಕಿದ್ದರಂತೆ. ಕುಡಿದ ಹುಡುಗರು ಸೈಕಲ್ಲನ್ನು ಕಲ್ಲಿನಿಂದ ಜಜ್ಜಿದ್ದರು, ಇವನನ್ನೂ ಬಿಟ್ಟಿರಲಿಲ್ಲ.

"ಒಂದು ಸೈಕಲ್ಲ ಬೇಕಾಗೇತಿ ಸಾವ್ಕಾರ್ರ. ಹಗಲೂ ರಾತ್ರಿ ಕೂಡೂದೈತಿ, ಮೈಗೆ ಮೆತ್ತಗ ಇರಬೇಕು."

"ಎಲ್ಲಿವರೆಗೆ ಹೋಗೂದು?"

"ಎಲ್ಲಿಗೂ ಇಲ್ಲರಿ. ಅಲ್ಲೇ ಸುತ್ತೂದು."

ಇಂದಿನವರಿಗೆ ಈ ಆಟ ಗೊತ್ತಿರಲಿಕ್ಕಿಲ್ಲ. ಘಟ್ಟದ ಮೇಲಿನಿಂದ ಬರುತ್ತಿದ್ದರು. ಒಂದು ಬಯಲಿನಲ್ಲಿ ಗೂಟ ನೆಟ್ಟು, ಸುತ್ತ ಹಗ್ಗ ಎಳೆದು, ಬಣ್ಣದ ಕಾಗದ ಕಟ್ಟಿ, ವಾರವಿಡೀ ಸೈಕಲ್ಲಿನಿಂದ ಇಳಿಯದೆ ಸುತ್ತುವುದು. ಊಟ, ಸ್ನಾನ, ಕ್ಷೌರ, ನಿದ್ದೆ ಎಲ್ಲ ಸೈಕಲ್ಲಿನ ಮೇಲೆಯೇ. ಒಂದು ಸಲ ಕಾಲು ನೆಲಕ್ಕೆ ತಾಗಿದರೂ ಆಟ ಮುಗಿಯಿತು. ಬಂದ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಊರು ಬಿಡಬೇಕು. ಸುದ್ದಿ ಮುಂದಿನ ಊರಿಗೆ ಅವರಿಗಿಂತ ಮೊದಲೇ ಮುಟ್ಟುತ್ತಿತ್ತು. ಮತ್ತೆ ಯಾರೂ ಬಯಲು ಕೊಡುತ್ತಿರಲಿಲ್ಲ. ಜನ ಅಂಥವರನ್ನು ಸೈಕಲ್ ಮಾಸ್ತರ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಅವನು ಸೈಕಲ್ ಆರಿಸಿದ ರೀತಿಯನ್ನು ನಾನು ಮರೆತಿಲ್ಲ. ಹೊಳೆಯುವ ಸೈಕಲ್ಲುಗಳ ಸಾಲನ್ನು ಕಣ್ಣೆತ್ತಿ ನೋಡದೆ ದಾಟಿದ. ಮೂಲೆಯಲ್ಲಿದ್ದ ಕರಿ ಸೈಕಲ್ಲಿನ ಹತ್ತಿರ ನಿಂತ. ಬಂದರಿನ ಕಡೆ ನೌಕರಿಯಲ್ಲಿದ್ದ ಒಬ್ಬರದ್ದು ಅದು, ಎಮ್ಮೆಯ ಹಾಗೆ ಭಾರ; ಒಂದು ವರ್ಷದಿಂದ ಯಾರೂ ಕೇಳಿರಲಿಲ್ಲ. ಹತ್ತಿ ಕೂತು ಕಣ್ಣು ಮುಚ್ಚಿದ. ಹ್ಯಾಂಡಲ್ಲಿನ ಮೇಲೆ ಕೆನ್ನೆಯಿಟ್ಟು ಮಲಗಿ ನೋಡಿದ. ಹ್ಯಾಂಡಲ್ಲನ್ನು ಮೇಲೆತ್ತಿಸಿದ, ಮಣಿಕಟ್ಟಿನ ಮೇಲೆ ಭಾರ ಬೀಳಬಾರದೆಂದು. ಮುಂದಿನ ಹಲ್ಲುಚಕ್ರ ಬಿಚ್ಚಿಸಿ ಸಣ್ಣದನ್ನು ಹಾಕಿಸಿದ, ಮೊಣಕಾಲು ಹೆಚ್ಚು ದುಡಿಯಬಾರದೆಂದು. ಅಗಲ ಟೈರು, ಅದರಲ್ಲೂ ಗಾಳಿ ಸ್ವಲ್ಪ ಕಡಿಮೆ. ಚರ್ಮದ ಸೀಟಿನ ಕೆಳಗಿನ ಸ್ಪ್ರಿಂಗುಗಳನ್ನು ಒಂದೊಂದಾಗಿ ಒತ್ತಿ ಕಿವಿಗೊಟ್ಟು ಕೇಳಿದ. ನನಗೆ ಬೇಸರ ಬಂತು. ಇಷ್ಟು ಹೊತ್ತು ಹೆಣ್ಣನ್ನೂ ನೋಡುವುದಿಲ್ಲ ಮಾರಾಯ, ಎಂದೆ. ಹೆಂಡತಿ ನಕ್ಕಳು. "ನನ್ನ ನೋಡಾಕ ಬಂದಾಗ ಚಾ ಕುಡದ ಎದ್ದ ಹೋಗಿದ್ದರಿ ಇಂವ" ಎಂದಳು.

ನಾನು ದರ ಹೇಳಿದೆ. ಹೆಚ್ಚೇ ಹೇಳಿದೆ, ಚೌಕಾಶಿಗೆ ಜಾಗ ಬೇಕಲ್ಲ. ಅಂಗಡಿಯ ಮೂಲೆಯಲ್ಲಿ ಕೆಟ್ಟ ಟ್ಯೂಬ್‌ಲೈಟೊಂದು ಒರಗಿತ್ತು. ಅವನು ಅದನ್ನು ತೆಗೆದುಕೊಂಡ, ಅಂಗಿಯ ಗುಂಡಿ ಬಿಚ್ಚಿದ, ಬೀಸಿ ತನ್ನ ಎದೆಗೆ ಹೊಡೆದುಕೊಂಡ. ಅಂಗಡಿಯ ತುಂಬ ಬಿಳಿ ಹೊಗೆ, ಗಾಜು. ಎದೆಯ ಮೇಲೆ ಕೆಂಪು ದಾರ ಎಳೆದ ಹಾಗೆ ನಾಲ್ಕೈದು ಗೀರು ಮೂಡಿದವು.

"ಈಗ ಎಷ್ಟ್ರಿ?" ಎಂದ.

ಹೆಂಡತಿ ಸೆರಗಿನಿಂದ ಗಾಜಿನ ಚೂರು ಆರಿಸುತ್ತ, ತರಕಾರಿಯ ಅಂಗಡಿಯಲ್ಲಿ ನಿಂತವಳ ಹಾಗೆ ಹೇಳಿದಳು: "ಅರ್ಧಾ ಮಾಡ್ರಿ ಅಣ್ಣಾರ. ಇಲ್ಲಾಂದ್ರ ಇನ್ನೊಂದ ಹುಡುಕತಾನ."

ಬಾಯಿಯಿಂದ ಚೌಕಾಶಿ ಮಾಡುವವರನ್ನು, ಕಣ್ಣೀರಿನಿಂದ ಮಾಡುವವರನ್ನು ನೋಡಿದ್ದೆ. ಮೈಯಿಂದ ಮಾಡಿದವನು ಅವನೊಬ್ಬನೇ. ಕೊನೆಗೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟೆ. ಕಾರವಾರದಲ್ಲೊಂದು ಆಟ, ಅಂಕೋಲೆಯಲ್ಲೊಂದು ಆಟ, ಆಮೇಲೆ ಸೈಕಲ್ ಮರಳಿ ನನ್ನ ಅಂಗಡಿಗೆ. ಅಂಕೋಲೆಯದೇ ತಮ್ಮ ಕೊನೆಯ ಆಟ ಎಂದು ಅವಳು ನನಗೆ ಹೇಳಿದಳು. ಆಮೇಲೆ ತವರಿನ ಹತ್ತಿರ ಪಂಕ್ಚರ್ ಅಂಗಡಿ ಹಾಕಿ ಒಂದು ಕಡೆ ಕೂರುವುದಂತೆ. "ನೆಲದ ಮ್ಯಾಲ ಬಾಳೇ ಮಾಡಿ ಭಾಳ ವರ್ಷ ಆತರಿ" ಎಂದಿದ್ದಳು.

ಕೋಡಿಬಾಗದ ಕಡೆಯ ಬಯಲಿನಲ್ಲಿ ಆಟ ಶುರುವಾಯಿತು. ನನ್ನ ಸಾಮಾನು ಅಲ್ಲಿ ಇತ್ತಲ್ಲ, ದಿನಾ ಸಂಜೆ ಹೋಗುತ್ತಿದ್ದೆ. ಬೆಳಗಾದರೆ ಅವಳು ಕರ್ಪೂರದೆಣ್ಣೆಯ ಬಟ್ಟಲು ಹಿಡಿದು ಸೈಕಲ್ಲಿನ ಪಕ್ಕದಲ್ಲಿ ಓಡುತ್ತ ಅವನ ತೊಡೆಗೆ, ಸೊಂಟಕ್ಕೆ ತಿಕ್ಕುವಳು. ಸಂಜೆ ಜನ ಸೇರಿದ ಮೇಲೆ ನಿಜವಾದ ಆಟ. ಸುತ್ತುತ್ತಿರುವಾಗಲೇ ಬೆನ್ನಿನ ಮೇಲೆ ಟ್ಯೂಬ್‌ಲೈಟು ಒಡೆಸಿಕೊಳ್ಳುವನು. ಬೆರಳಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಅದ್ದಿ, ಬೆಂಕಿ ಹಚ್ಚಿಕೊಂಡು ಬೀಡಿ ಹೊತ್ತಿಸುವನು. ಆಗ ಅವಳು ಮೈಕು ಹಿಡಿದು "ಅಯ್ಯೋ ನನ್ನ ಗಂಡಾ" ಎಂದು ಕಿರುಚಿ, ಕಣ್ಣು ಮೇಲೆ ಮಾಡಿ, ದೊಪ್ಪೆಂದು ಬಯಲಿನ ನಡುವೆ ಬೀಳುವಳು. ನಿಜವಾಗಿ ಸತ್ತವಳ ಹಾಗೆಯೇ. ಹೆಂಗಸರು ಕಣ್ಣೊರೆಸಿಕೊಂಡು ಸೆರಗಿನ ಗಂಟು ಬಿಚ್ಚುವರು. ಕಾಣಿಕೆ ಬಿದ್ದು ಮುಗಿದ ಮೇಲೆ ಎದ್ದು ಸೀರೆ ಕೊಡವುವಳು. ವ್ಯಾಪಾರ ಅಂದರೆ ಇದು ಎಂದು ನಾನು ಮನಸ್ಸಿನಲ್ಲಿಯೇ ಕೈ ಮುಗಿದಿದ್ದೆ.

ಮರಳು ಲಾರಿಯ ಚಾಲಕನೊಬ್ಬ ಇವನ ಕಾಲು ನೆಲಕ್ಕೆ ತಾಗಿಸುತ್ತೇನೆಂದು ಗೆಳೆಯರೊಡನೆ ಪಂಥ ಕಟ್ಟಿದ್ದ. ಗೋವಾದ ಸಾರಾಯಿಯ ಪಂಥ. ಎರಡು ಸಂಜೆ ಬೈದು ನೋಡಿದ, ಪಟಾಕಿ ಎಸೆದು ನೋಡಿದ. ಆಟ ಮುಗಿಯಲಿಕ್ಕೆ ಒಂದು ದಿನ ಇರುವಾಗ ಯಾರದೋ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಬಂದ. ಏನೋ ತಮಾಷೆ ಇರಬೇಕೆಂದು ಜನ ದಾರಿ ಬಿಟ್ಟರು. ಹೊಳೆಯಲ್ಲಿ ಮೀನಿಗೆ ಬೀಸುವ ಹಾಗೆ ಬೀಸಿದ. ಬಲೆ ದುಂಡಗೆ ಅರಳಿ ಮಾಸ್ತರನ ಮೇಲೆ ಬಿತ್ತು.

ಹಿಂದಿನ ಚಕ್ರಕ್ಕೆ ಬಲೆ ಸುತ್ತಿಕೊಂಡಿತು. ಸೈಕಲ್ ನಿಂತಿತು. ಅವನು ಇಳಿಯಲಿಲ್ಲ. ಹ್ಯಾಂಡಲ್ಲನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸುತ್ತ, ಬಲೆಯೊಳಗೆ, ನಿಂತಲ್ಲಿಯೇ ಬೀಳದ ಹಾಗೆ ತೋಲು ಕಾಯ್ದುಕೊಂಡ. ಚಾಲಕ ಹತ್ತಿರ ಬಂದು ಬಲೆಯ ಹಗ್ಗ ಜಗ್ಗಿದ. ಮಾಸ್ತರ ಸೈಕಲ್ಲಿನ ಬಾರಿಗೆ ಸಿಕ್ಕಿಸಿದ್ದ ಗಾಳಿ ಪಂಪನ್ನು ಕಿತ್ತು ಬಲೆಯ ಕಣ್ಣಿನ ಸಂದಿಯಿಂದಲೇ ಅವನ ಮೋರೆಗೆ ಬಾರಿಸಿದ. ಹಲ್ಲು ಉದುರಿದ್ದನ್ನು ಕಂಡೆ. ಎರಡನೆಯ ಏಟಿಗೆ ಮೂಗು ಒಡೆಯಿತು. ಹೆಂಡತಿ ಓಡಿಬಂದು ಕುಡುಗೋಲಿನಿಂದ ಬಲೆ ಹರಿದು ಚಕ್ರ ಬಿಡಿಸಿದಳು. ಸೈಕಲ್ ಮತ್ತೆ ಉರುಳಿತು. ಅಷ್ಟರಲ್ಲಿ ಚಾಲಕ, ಬಾಯಿ ತುಂಬ ರಕ್ತ, ಹರಿದ ಬಲೆಯನ್ನು ಒಟ್ಟು ಮಾಡಿ ಚಾಟಿಯ ಹಾಗೆ ಬೀಸಿದ. ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟಿರುತ್ತಾರೆ. ಆ ಗುಂಡುಗಳ ಗೊಂಚಲು ಅವಳ ಕಿವಿಯ ಮೇಲೆ ಬಡಿಯಿತು. ತೆಂಗಿನಕಾಯಿ ಒಡೆದ ಸಪ್ಪಳ.

ಅವಳು ಬಿದ್ದಳು. ಈ ಸಲ ಕಿರುಚಲಿಲ್ಲ.

ಮಾಸ್ತರ ಅವಳ ಸುತ್ತ ಸುತ್ತತೊಡಗಿದ. ಸಣ್ಣ ಸುತ್ತು, ಇನ್ನೂ ಸಣ್ಣ ಸುತ್ತು. ಕೈ ಚಾಚಿದರೆ ಅವಳ ಕೂದಲು ಸಿಗಬೇಕು, ಅಷ್ಟು ಹತ್ತಿರ. ಪ್ರಾಣಿಯಂತೆ ಕೂಗುತ್ತಿದ್ದ. "ಇಳಿಯೋ ಮಾರಾಯ, ಹೆಂಡ್ತಿ ಸಾಯ್ತಾ ಬಿದ್ದದೆ!" ಎಂದು ಒಬ್ಬ. "ಇಳೀಬೇಡ್ವೋ, ಒಂದು ದಿನದ ಮಾತು!" ಎಂದು ಮತ್ತೊಬ್ಬ. ಅವನ ಒಂದು ಕಾಲು ಪೆಡಲಿನಿಂದ ಎದ್ದು ಕೆಳಗೆ ಇಳಿಯುತ್ತ ಇತ್ತು. ಆಗ ನೆಲದಿಂದ ಅವಳ ಧ್ವನಿ ಬಂತು.

"ಊರಬ್ಯಾಡ… ಕಾಲ ಊರಬ್ಯಾಡ. ನನಗೇನ ಆಗಿಲ್ಲ."

ಕಾಲು ಮತ್ತೆ ಪೆಡಲಿಗೆ ಹೋಯಿತು.

ಮೀನು ಮಾರಿ ಮನೆಗೆ ಹೊರಟಿದ್ದ ಹೆಂಗಸರು ಹಗ್ಗ ದಾಟಿ ಒಳಗೆ ನುಗ್ಗಿದರು. "ಎಂತದ್ರಾ ನೋಡ್ತಾ ನಿಂತದ್ದು? ಗಂಡಸ್ರನ್ರಾ ನೀವು?" ಎಂದು ನಮ್ಮೆಲ್ಲರ ಮೋರೆಗೆ ಉಗಿದಳು ಹಿರಿಯಳೊಬ್ಬಳು. ಇಬ್ಬರು ಮಾಸ್ತರನ ಹೆಂಡತಿಯನ್ನು ಎತ್ತಿದರು. ಉಳಿದವರು ಚಾಲಕನನ್ನು ಹಿಡಿದು ಬುಟ್ಟಿಯಿಂದ, ಚಪ್ಪಲಿಯಿಂದ, ಬರಿಗೈಯಿಂದ ಬಡಿದರು. ತಲೆಯ ಕೂದಲು ಹಿಡಿಹಿಡಿಯಾಗಿ ಕಿತ್ತರು. ಅವನು ತೆವಳುತ್ತ ರಸ್ತೆ ಮುಟ್ಟಿದ. ಆ ರಾತ್ರಿಯೇ ಮಾಜಾಳಿ ದಾಟಿ ಗೋವಾಕ್ಕೆ ಓಡಿದನೆಂದು ಸುದ್ದಿ.

ಆಟೋದಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದವನು ನಾನು. ಡಾಕ್ಟರು ಹೊಲಿಗೆ ಹಾಕಿದರು. ತಲೆಯ ಪೆಟ್ಟು, ನಾಳೆಯೇ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು ಎಂದು ಬರೆದೂ ಕೊಟ್ಟರು, ಎರಡು ಸಲ ಬಾಯಿಬಿಟ್ಟೂ ಹೇಳಿದರು. ಅವಳು ತಲೆಯಾಡಿಸಿದಳು. ಹೊರಗೆ ಬಂದ ಮೇಲೆ, "ಅಂವ ಇಳದ ಮ್ಯಾಲ ನೋಡೂಣ್ರಿ" ಎಂದಳು. ಅವನು ಇಳಿದ ಮೇಲೆ, "ಅಂಕೋಲಾ ಮುಗೀಲ್ರಿ" ಎಂದಳು. ಮಾತಿನಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಅವಳ ಹತ್ತಿರ ನನ್ನ ಮಾತು ಒಂದೂ ನಡೆಯಲಿಲ್ಲ.

ಕಾರವಾರದ ಆಟ ಮುಗಿದ ಮೇಲೆ ಸಾಮಾನನ್ನೆಲ್ಲ ಟೆಂಪೋಗೆ ಹಾಕಿ, ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಅವನು ಅಂಕೋಲೆಗೆ ತುಳಿದ. ನಾನೂ ಮೊಪೆಡ್ಡಿನಲ್ಲಿ ಹಿಂದೆ ಹೋದೆ. ಅತ್ತ ಅಂಕೋಲೆಯಲ್ಲಿ ನನಗೆ ಎರಡು ಸೈಕಲ್ ನೋಡುವ ಕೆಲಸವೂ ಇತ್ತು. ಅಷ್ಟು ಸಂತೋಷವಾಗಿದ್ದ ಮನುಷ್ಯನನ್ನು ನಾನು ಕಂಡಿಲ್ಲ. ಬಿಣಗಾದ ಏರಿನಲ್ಲಿ ಸುಮ್ಮನೆ ಇಳಿದು ನಡೆದ. ಅಮದಳ್ಳಿಯಲ್ಲಿ ಇಳಿದು ಎಳನೀರು ಕುಡಿದ. ಕಾರಣವಿಲ್ಲದೆಯೂ ಇಳಿದ. ಚಪ್ಪಲಿ ಕಳಚಿ ರಸ್ತೆ ಬದಿಯ ಹುಲ್ಲು ತುಳಿದು ನಿಂತು ನಕ್ಕ. ಅವರ್ಸೆಯ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಅವಳು ತಟ್ಟೆ ಸರಿಸಿ ಹೊರಗೆ ಹೋಗಿ ವಾಂತಿ ಮಾಡಿದಳು. ಕ್ಯಾರಿಯರು ಕುಲುಕಿದ್ದಕ್ಕೆ ಎಂದಳು. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು…

ಅಂಕೋಲೆಯಲ್ಲಿ ಆಟದ ಮೂರನೆಯ ಸಂಜೆ ನಾನು ಅಲ್ಲಿದ್ದೆ. ಬಯಲು ತುಂಬಿತ್ತು. ಅವನು ಬೆನ್ನಿಗೆ ಟ್ಯೂಬ್‌ಲೈಟು ಒಡೆಸಿಕೊಂಡ. ಅವಳು ಮೈಕು ಎತ್ತಿ "ಅಯ್ಯೋ ನನ್ನ" ಎಂದಳು. ಮುಂದಿನ ಶಬ್ದ ಬರಲಿಲ್ಲ. ನಾಲಗೆ ತೊದಲಿತು. ಮೈಕು ಕೈಯಿಂದ ಜಾರಿ ಕೀಚೆಂದು ಕೂಗಿತು. ಬಿದ್ದಳು. ಅಂಕೋಲೆಯ ಜನ ಎರಡು ಸಂಜೆ ಅವಳು ಬೀಳುವುದನ್ನು ಕಂಡವರೇ. ಚಪ್ಪಾಳೆ ಹೊಡೆದರು. "ಇವತ್ತು ಭಾರೀ ಬಿತ್ತು ನೋಡಾ" ಎಂದು ನನ್ನ ಪಕ್ಕದವ ಚಿಲ್ಲರೆ ಎಸೆದ. ಅವಳ ಕಾಲು ಅದುರುತ್ತಿತ್ತು. ಅದಕ್ಕೂ ಚಪ್ಪಾಳೆ.

ಮಾಸ್ತರ ಅರ್ಧ ಸುತ್ತು ಬಂದ. ನೋಡಿದ. ಸೈಕಲ್ಲನ್ನು ಎತ್ತಲೋ ಬಿಟ್ಟು ಹಾರಿ ಓಡಿದ. ಎರಡು ಕಾಲೂ ನೆಲಕ್ಕೆ ಊರಿ.

ಯಾರೋ "ಮೋಸ! ಇಳಿಯೂಕೆ ನಾಟ್ಕ ಮಾಡ್ತ್ರು!" ಎಂದು ಕೂಗಿದ. ಅಷ್ಟು ಸಾಕಾಯಿತು. ಹಗ್ಗ ಹರಿಯಿತು, ಗೂಟ ಕಿತ್ತು ಕೈಗೆ ಬಂದವು. ಸೈಕಲ್ಲಿನ ಮೇಲೆ ಕುಣಿದರು, ಕಡ್ಡಿಗಳನ್ನು ತುಳಿದು ಮುರಿದರು. ಅವಳ ಮೇಲೆ ಕವುಚಿ ಮಲಗಿದ್ದ ಅವನ ಬೆನ್ನಿಗೆ ಗೂಟದಿಂದ ಹೊಡೆದರು. ಟ್ಯೂಬ್‌ಲೈಟಿನ ಗಾಜು ಇನ್ನೂ ಬೆನ್ನಿನಲ್ಲಿ ಇತ್ತು, ಪ್ರತಿ ಏಟಿಗೂ ಒಳಗೆ ಹೋಗುತ್ತಿತ್ತು. ಅವನು ತಿರುಗಿ ಒಂದು ಏಟೂ ಕೊಡಲಿಲ್ಲ. "ಹೊಡೀರಿ, ಗಾಡಿ ತರ್ರಿ. ಹೊಡೀರಿ, ಗಾಡಿ ತರ್ರಿ" ಎನ್ನುತ್ತಿದ್ದ. ನಾನು ನುಗ್ಗಿ ಅವನ ಮೇಲೆ ಬಿದ್ದೆ. ನನ್ನ ಎಡಗೈಯ ಮೂಳೆ ಮುರಿದದ್ದು ಆಗ. ಅವಳ ಮೂಗಿನಿಂದ ರಕ್ತ ಬಂದದ್ದನ್ನು ಒಬ್ಬ ಮುದುಕ ಕಂಡು ಬೊಬ್ಬೆ ಹೊಡೆದ ಮೇಲೆ ಕೈಗಳು ನಿಂತವು. ಹೊಡೆದವರೇ ಜೀಪು ತಂದರು. ಜೀಪು ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಅವಳು ಹೋಗಿದ್ದಳು.

ಅಂತ್ಯಕ್ರಿಯೆಗೆ ಕಟ್ಟಿಗೆ ತಂದವರೂ ಅವರೇ. ಯಾರೂ ಯಾರ ಮುಖ ನೋಡಲಿಲ್ಲ.

ಮರುದಿನ ಅವನು ನನ್ನ ಅಂಗಡಿಗೆ ಬಂದ. ಸೈಕಲ್ಲಿನದ್ದೆಂದು ಉಳಿದಿದ್ದ ಆ ಚರ್ಮದ ಸೀಟನ್ನು ತಂದು ಬೆಂಚಿನ ಮೇಲಿಟ್ಟ. ನನಗೆ ಏನೂ ಬೇಡ ಎಂದೆ. ಅವನಿಗೆ ಅದು ಕೇಳಿಸಿತೋ ಇಲ್ಲವೋ. ನೆಲ ನೋಡುತ್ತ ನಿಂತಿದ್ದ.

"ಅವತ್ತ ಕಾರವಾರದಾಗ ಇಳೀಬೇಕಿತ್ತರಿ" ಎಂದ.

ಇಷ್ಟೇ. ನಡೆದು ಹೋದ. ಆಮೇಲೆ ಎರಡು ಮೂರು ವರ್ಷ ಅಂಥ ಆಟದವರು ಬಂದಾಗಲೆಲ್ಲ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಆಟದವರೇ ಬರುವುದು ನಿಂತಿತು… ಅವಳು ಹೇಳಿದ ಪಂಕ್ಚರ್ ಅಂಗಡಿ ಯಾವ ಊರಿನಲ್ಲಿ ಆಗಬೇಕಿತ್ತೆಂದು ನಾನು ಕೇಳಿಯೇ ಇರಲಿಲ್ಲ.

ಈಗ ಆ ಕಾರವಾರ-ಅಂಕೋಲೆ ರಸ್ತೆಯಲ್ಲಿ ವಾರಕ್ಕೊಮ್ಮೆ ತುಳಿಯುತ್ತೇನೆ. ಹೆದ್ದಾರಿ ಅಗಲವಾಗಿದೆ, ಆ ಎಳನೀರಿನವ ಇಲ್ಲ, ಹುಲ್ಲಿನ ಬದಿಯೂ ಇಲ್ಲ. ದೂರ ಹೋಗುವ ಸೈಕಲ್ ಯಾವುದು ತಗೊಳ್ಳೋಣ ಮಾಮಾ, ಎಂದು ಹುಡುಗರು ಕೇಳುತ್ತಾರೆ. ನಿಮಗೂ ಅದನ್ನೇ ಹೇಳುತ್ತೇನೆ. ಸೀಟಿಗೆ ಜಿಪುಣತನ ಮಾಡಬೇಡಿ. ಹ್ಯಾಂಡಲ್ ಸೀಟಿಗಿಂತ ಕೆಳಗೆ ಇರುವುದು ಪಂದ್ಯದವರಿಗೆ, ನಿಮಗೆ ಬೇಡ. ಟೈರು ಅಗಲ ಇರಲಿ. ತಲೆಗೆ ಹೆಲ್ಮೆಟ್ ಹಾಕಿ. ಜೊತೆಯವರು ಬಿದ್ದು ತಲೆಗೆ ಪೆಟ್ಟಾದರೆ, ಎದ್ದು ನಡೆದಾಡಿದರೂ, ಏನೂ ಆಗಿಲ್ಲ ಎಂದು ಆಣೆ ಮಾಡಿದರೂ, ಆ ಮಾತು ಕೇಳದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ. ಮತ್ತು ಅಂಗಡಿಯಲ್ಲಿ ಎಲ್ಲರೂ ಸೈಕಲ್ಲನ್ನು ಹತ್ತಿ ನೋಡುತ್ತಾರೆ. ನೀವು ಇಳಿದೂ ನೋಡಿ. ಅಂಗಡಿಯವ ನಕ್ಕರೆ ನಗಲಿ, ಮತ್ತೆ ಮತ್ತೆ ಹತ್ತಿ ಇಳಿಯಿರಿ. ಅವಸರದಲ್ಲಿ ಕಾಲಿಗೆ ನೆಲ ಸಿಗದ ಸೈಕಲ್ಲನ್ನು ಎಷ್ಟು ಕಡಿಮೆಗೆ ಕೊಟ್ಟರೂ ತಗೊಳ್ಳಬೇಡಿ.